ಪೋಲೆಂಡ್ ಸೂಪು

ದುರ್ಗಿಗುಡಿ, ಶಿವಮೊಗ್ಗ
14 ಜೂನ್ 1998

ಮಾಸ್ತಮ್ಮನವರಿಗೆ,

ತನುಜಾಳ ನಮಸ್ಕಾರ. ನನ್ನ ಗುರುತು ನಿಮಗೆ ಹತ್ತುತ್ತದೋ ಇಲ್ಲವೋ ತಿಳಿಯದು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿದ್ದ ಫೋರ್‌ಮನ್ ಶಿವಶಂಕರಪ್ಪನವರ ಮಗಳು ನಾನು. ಜಯಶೀಲಾ ನನ್ನ ತಾಯಿ. ಆಗ ನಮ್ಮ ಪಕ್ಕದ ಮನೆಯಲ್ಲಿದ್ದ ಸೀತಾಲಕ್ಷ್ಮಿಯವರು ಮೊನ್ನೆ ಸಿಕ್ಕಿದ್ದರು. ನೀವು ಓಲ್ಡ್ ಟೌನ್‌ನಲ್ಲಿ ಮಗನ ಮನೆಯಲ್ಲಿದ್ದೀರಿ ಎಂದು ವಿಳಾಸ ಕೊಟ್ಟರು.

ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಈಗ ಅಮ್ಮ, ಅಣ್ಣ ಜ್ಞಾನೇಶ್, ನಾನು ಒಟ್ಟಿಗಿದ್ದೇವೆ. ನಾನು ಮದುವೆಯಾಗಲಿಲ್ಲ, ಇಲ್ಲೇ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಕಳೆದ ತಿಂಗಳು ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ಪೂರಾ ನಿಂತಿದೆ. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಕಣ್ಣಲ್ಲೇ ಗೊತ್ತಾಗುತ್ತದೆ. ಆದರೆ ಊಟ ಬೇಡ. ಗಂಜಿ ಕೊಟ್ಟರೂ, ಹಾಲಿನಲ್ಲಿ ಬ್ರೆಡ್ಡು ನೆನೆಸಿ ಕೊಟ್ಟರೂ ತುಟಿ ಬಿಗಿಹಿಡಿದು ಗೋಡೆಯ ಕಡೆ ತಿರುಗಿಬಿಡುತ್ತಾಳೆ. "ಮೆತ್ತಗಿರೋದು ಏನಾದ್ರೂ ಹೊಟ್ಟೆಗೆ ಹೋಗ್ಲೇಬೇಕು. ಇಲ್ಲಾಂದ್ರೆ ಮೂಗಿಗೆ ಪೈಪು ಹಾಕ್ಬೇಕಾಗುತ್ತೆ" ಎಂದು ಡಾಕ್ಟರು ಹೇಳಿದ್ದಾರೆ. ಆ ಪೈಪು ಬೇಡವೆಂದೇ ನಿಮಗೆ ಬರೆಯುತ್ತಿದ್ದೇನೆ.

ಆಗ ನೀವು ಕಾರ್ಖಾನೆಗೆ ಬಂದಿದ್ದ ಜರ್ಮನ್ ಇಂಜಿನಿಯರರ ಹೆಂಡತಿ, ಆ ದೊರೆಸಾನಿಯ ಮನೆಯಲ್ಲಿ ಕೆಲಸ ಮಾಡುತ್ತಾ ಗಾಜಿನ ಬಟ್ಟಲಲ್ಲಿ ಫಾರಿನ್ ಅಡುಗೆ ತರುತ್ತಿದ್ದಿರಿ. ಪೋಲೆಂಡ್ ಸೂಪು, ಹಂಗೇರಿ ಪುಡ್ಡಿಂಗು. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತೇ ಬಟ್ಟಲು ಖಾಲಿ ಮಾಡುತ್ತಿದ್ದಳು. ಅಷ್ಟು ಆಸೆಯಿಂದ ಅವಳು ಬೇರೇನನ್ನೂ ತಿಂದದ್ದು ನಾನು ನೋಡಿಲ್ಲ. ದಯವಿಟ್ಟು ಅವನ್ನು ಮಾಡುವ ಬಗೆ ಬರೆದು ಕಳಿಸುತ್ತೀರಾ? ಇಷ್ಟು ವರ್ಷದ ಮೇಲೆ ಕೇಳಲು ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ಇಂತಿ,
ತನುಜಾ

*

ಓಲ್ಡ್ ಟೌನ್, ಭದ್ರಾವತಿ
25 ಜೂನ್ 1998

ತನುಜಮ್ಮನವರಿಗೆ ಮಾಸ್ತಮ್ಮನ ನಮಸ್ಕಾರ.

ಬರೆಯುತ್ತಿರುವವಳು ನನ್ನ ಮೊಮ್ಮಗಳು ಸಮತಾ, ಪಿಯುಸಿ ಓದುತ್ತಿದ್ದಾಳೆ. ನಾನು ಹೇಳಿದ್ದನ್ನು ಪುಸ್ತಕದ ಭಾಷೆಗೆ ತಿರುಗಿಸಿ ಬರೆಯುತ್ತಾಳೆ, "ನಾ ಹೇಳ್ದಂಗೆ ಬರಿಯೇ ಮಾರಾಯ್ತಿ" ಅಂದರೂ ಕೇಳುವುದಿಲ್ಲ. ನಿಮ್ಮ ಕಾಗದ ಓದಿ ಹೇಳಿದ್ದೂ ಅವಳೇ. ನನ್ನನ್ನು 'ನೀವು' ಎಂದು ಬರೆದಿದ್ದೀರಿ. ನಿಮ್ಮ ಮನೆಯಿಂದ ಆ ಮಾತು ಕೇಳಿದ್ದು ಇದೇ ಮೊದಲು. ನನಗೆ ನಗು ಬಂತು, ಸಮತಾಗೆ ಯಾಕೆಂದು ತಿಳಿಯಲಿಲ್ಲ.

ಜಯಮ್ಮನವರಿಗೆ ಹೀಗಾಯಿತು ಎಂದು ಕೇಳಿ ಆ ದಿನವೆಲ್ಲ ಕೈ ಓಡಲಿಲ್ಲ. ನಮ್ಮ ಯಜಮಾನ ಚೌಡಯ್ಯನೂ ಇದೇ ಕಾಯಿಲೆಯಲ್ಲಿ ಹೋದ.

ದೊರೆಸಾನಿಯ ಆಲೂಗಡ್ಡೆ ಸೂಪು ಬರೆಸುತ್ತೇನೆ. ಎರಡು ಆಲೂಗಡ್ಡೆ, ಒಂದು ಈರುಳ್ಳಿ ಮೆತ್ತಗೆ ಬೇಯಿಸಿ, ಒರಳಲ್ಲಿ ನುಣ್ಣಗೆ ಮಾಡಿ. ಹಾಲು ಹಾಕಿ ಒಂದು ಕುದಿ ಬಂದ ಮೇಲೆ ಮೆಣಸಿನ ಪುಡಿ, ಬೆಣ್ಣೆ. ಆಯಮ್ಮ ಯಾವುದೋ ಸೊಪ್ಪಿನ ದಂಟು ಹಾಕುತ್ತಿದ್ದಳು, ಅದು ಇಲ್ಲಿ ಸಿಗದೆ ನಾನು ಕೊತ್ತಂಬರಿ ಕಡ್ಡಿ ಹಾಕಿ ಸಾಗಿಸಿದೆ. ಜರ್ಮನಿಯವಳಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಇನ್ನು ರವೆ ಪುಡ್ಡಿಂಗು: ಹಾಲಿನಲ್ಲಿ ಸಣ್ಣ ರವೆ ಬೇಯಿಸಿ, ಸಕ್ಕರೆ, ಚೂರು ಜಾಯಿಕಾಯಿ. ಆರಿದ ಮೇಲೆ ಬಟ್ಟಲು ಕವುಚಿ ತಟ್ಟೆಗೆ ಬೀಳಿಸಬೇಕು. ನಮ್ಮ ಸಜ್ಜಿಗೆಗೆ ಟೋಪಿ ಹಾಕಿದ ಹಾಗೆ ಕಾಣುತ್ತದೆ.

ಪೋಲೆಂಡ್ ಸೂಪಿನ ಅಳತೆ ಮರೆತಿದ್ದೇನೆ. ವಯಸ್ಸಾಯಿತು.

ಇಂತಿ,
ಮಾಸ್ತಮ್ಮ

*

ಶಿವಮೊಗ್ಗ
12 ಜುಲೈ 1998

ಮಾಸ್ತಮ್ಮನವರಿಗೆ ನಮಸ್ಕಾರ.

ಎರಡನ್ನೂ ಮಾಡಿದೆ. ಪುಡ್ಡಿಂಗು ಚೆನ್ನಾಗಿಯೇ ಬಿತ್ತು. ಅಮ್ಮ ಬಾಯಿ ತೆರೆಯಲಿಲ್ಲ, ಅಣ್ಣ ಆಫೀಸಿಂದ ಬಂದವನು ಅಷ್ಟನ್ನೂ ತಿಂದು "ದಿನಾ ಮಾಡೇ" ಎಂದ. ವಾರಪತ್ರಿಕೆಯ ಅಡುಗೆ ಪುಟ ನೋಡಿ ಇಟಲಿಯ ಮ್ಯಾಕರೋನಿ ಮಾಡಿದೆ. ನೂಡಲ್ಸ್ ಬದಲು ನಮ್ಮ ಶ್ಯಾವಿಗೆಯನ್ನೇ ಬೇಯಿಸಿ ತರಕಾರಿ ನೀರಿಗೆ ಹಾಕಿ ಚೈನಾ ಸೂಪು ಅಂದೆ. ಕಸ್ಟರ್ಡ್ ಪೌಡರಿನ ಡಬ್ಬಿ ಮುಗಿಯಿತು. ನಮ್ಮ ಅಡುಗೆ ಮನೆಗೆ ಭೂಪಟದಲ್ಲಿರುವ ಊರೆಲ್ಲ ಬಂದು ಹೋಯಿತು. ಅಮ್ಮ ಮಾತ್ರ ದಿನಕ್ಕೆ ನಾಲ್ಕು ಚಮಚ ಹಾಲಿನಲ್ಲಿದ್ದಾಳೆ. ಮೊಣಕೈವರೆಗೂ ಜಾರುವ ಚಿನ್ನದ ಬಳೆಗಳನ್ನು ನಿನ್ನೆ ತೆಗೆದಿಟ್ಟೆ.

ಒಂದು ವಿಷಯ ಹೇಳಬೇಕು. ಮೊನ್ನೆ ಆಲೂಗಡ್ಡೆ ಸೂಪನ್ನು ಗಾಜಿನ ಲೋಟದಲ್ಲಿ ತಂದೆ. ಲೋಟ ನೋಡಿದ್ದೇ ಅಮ್ಮ ಎಡಗೈ ಎತ್ತಿ ಅದನ್ನು ಹಿಡಿದುಕೊಂಡಳು. ಮೂಗಿನ ಹತ್ತಿರ ತಂದು ಮೂಸಿದಳು. ಆಮೇಲೆ ನನ್ನ ಕೈಗೆ ವಾಪಸು ತಳ್ಳಿ ಕಣ್ಣು ಮುಚ್ಚಿಕೊಂಡಳು. ಅವಳು ಏನನ್ನೋ ಹುಡುಕುತ್ತಿದ್ದಾಳೆ, ನಾನು ಬೇರೇನೋ ಕೊಡುತ್ತಿದ್ದೇನೆ.

ಪೋಲೆಂಡ್ ಸೂಪಿನ ಅಳತೆ ಬೇಡ, ಅದರಲ್ಲಿ ಏನೇನಿತ್ತು ಎಂದಷ್ಟೇ ನೆನಪು ಮಾಡಿಕೊಳ್ಳಿ. ಡಾಕ್ಟರು ಈ ತಿಂಗಳ ಕೊನೆಯವರೆಗೆ ನೋಡೋಣ ಎಂದಿದ್ದಾರೆ. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಇಂತಿ,
ತನುಜಾ

*

ಓಲ್ಡ್ ಟೌನ್, ಭದ್ರಾವತಿ
22 ಜುಲೈ 1998

ತನುಜಮ್ಮನವರಿಗೆ,

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಇಷ್ಟು ದಿನ ಸುಮ್ಮನಿದ್ದೆ. ನಿಮ್ಮ ಕಾಗದ ಬಂದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಪೋಲೆಂಡ್ ಸೂಪು ಎಂಬುದು ಇಲ್ಲ. ಅದು ಹುರುಳಿ ಕಟ್ಟು.

ದೊರೆಸಾನಿ ಇಲ್ಲಿದ್ದದ್ದು ಹನ್ನೊಂದೇ ತಿಂಗಳು. ಗಂಡ ಮೆಷಿನ್ನು ಕೂರಿಸಿ ಮುಗಿಸಿದ, ಇಬ್ಬರೂ ಹೊರಟರು. ಹೋಗುವಾಗ ಆರು ಗಾಜಿನ ಬಟ್ಟಲು ನನಗೆ ಕೊಟ್ಟಳು. ಅವಳಿದ್ದಾಗ ಉಳಿದ ಅಡುಗೆ ತಂದು ಒಮ್ಮೆ ನಿಮ್ಮ ತಾಯಿಗೆ ತೋರಿಸಿದ್ದೆ. ನಮ್ಮ ಕೈಯಿಂದ ನೀರೂ ಮುಟ್ಟದ ಮನೆ ನಿಮ್ಮದು. ಆದರೆ ಜಯಮ್ಮನವರು "ದೊರೆಸಾನಿ ಅಡುಗೆ ಅಲ್ವೇನೇ ಮಾಸ್ತಿ, ಇದಕ್ಕೆಲ್ಲಿಯ ಜಾತಿ" ಎಂದು ನಗುತ್ತಾ ತಿಂದರು. ನಾನು ಮಾಡಿದ್ದನ್ನು ನಿಮ್ಮ ಜನ ತಿಂದದ್ದು ಅದೇ ಮೊದಲು. ಅವರು ಬೆರಳು ನೆಕ್ಕಿದ್ದು ನೋಡಿ ನನಗೆ ಹುಚ್ಚೇ ಹಿಡಿಯಿತು.

ದೊರೆಸಾನಿ ಹೋದ ಮೇಲೂ "ಇವತ್ತೇನೂ ತರ್ಲಿಲ್ವೇನೇ?" ಎಂದು ಕೇಳುವರು. ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ನಮ್ಮ ಮನೆಯಲ್ಲಿದ್ದದ್ದು ಹುರುಳಿ, ರಾಗಿ, ನವಣೆ. ಹಿತ್ತಲ ಗಿಡ ಮದ್ದಲ್ಲವಲ್ಲ, ಅದಕ್ಕೇ ಫಾರಿನ್ ಹೆಸರು ಹುಡುಕಿ, ದೊರೆಸಾನಿ ಕಲಿಸಿ ಹೋದದ್ದು ಎಂದೆ. ಚೌಡಯ್ಯ ಕಾರ್ಖಾನೆ ಯಾರ್ಡಿನಲ್ಲಿ ಮೆಷಿನ್ನಿನ ಪೆಟ್ಟಿಗೆ ಇಳಿಸುತ್ತಿದ್ದ. ಪೆಟ್ಟಿಗೆಯ ಮೇಲೆ ಯಾವ ದೇಶ ಬರೆದಿದೆ ಎಂದು ಗುಮಾಸ್ತರನ್ನು ಕೇಳಿಕೊಂಡು ಬರುವನು. ಆ ವಾರ ಪೋಲೆಂಡಿನ ಪೆಟ್ಟಿಗೆ ಬಂದರೆ ನಮ್ಮ ಹುರುಳಿ ಕಟ್ಟು ಪೋಲೆಂಡ್ ಸೂಪು. ರಾಗಿ ಹಾಲುಬಾಯಿ ಹಂಗೇರಿ ಪುಡ್ಡಿಂಗು. ನವಣೆ ಗಂಜಿಗೆ ರಷ್ಯಾ. ಐದು ವರ್ಷ ಹೀಗೆ ನಡೆಯಿತು.

ಮಾಡುವುದು ಸುಲಭ. ಹುರುಳಿ ಚೆನ್ನಾಗಿ ಬೇಯಿಸಿ ಕಟ್ಟು ಬಸಿಯಿರಿ. ಒಂದು ಹಿಡಿ ಹುರುಳಿಯನ್ನೇ ಅರೆದು ಅದಕ್ಕೆ ಹಾಕಿದರೆ ಮಂದವಾಗುತ್ತದೆ. ಜಜ್ಜಿದ ಬೆಳ್ಳುಳ್ಳಿ, ಮೆಣಸು, ಉಪ್ಪು, ಮೇಲೆ ಬೆಣ್ಣೆ. ಒಗ್ಗರಣೆ ಮಾತ್ರ ಹಾಕಬಾರದು. ಒಗ್ಗರಣೆಯ ವಾಸನೆ ಎದ್ದರೆ ಅದು ಯಾರ ಮನೆಯದು ಎಂದು ಬೀದಿಗೇ ತಿಳಿಯುತ್ತದೆ.

ಒಂದೇ ಒಂದು ದಿನ ಹೆಸರು ಬದಲಾಯಿಸದೆ ತಂದೆ. ಅದು ನಿಮಗೂ ನೆನಪಿರಬೇಕು. ಅದನ್ನು ಸಮತಾ ಕೈಯಲ್ಲಿ ಬರೆಸುವುದಿಲ್ಲ.

ಇಂತಿ,
ಮಾಸ್ತಮ್ಮ

*

ಶಿವಮೊಗ್ಗ
30 ಜುಲೈ 1998

ಮಾಸ್ತಮ್ಮ,

ನೆನಪಿದೆ. ನೀವು ಬರೆಸಬೇಡಿ, ನಾನೇ ಬರೆಯುತ್ತೇನೆ.

ನನಗೆ ಹದಿನಾಲ್ಕು. ಅಮ್ಮ ಟೈಫಾಯಿಡ್ ಬಿಟ್ಟು ಎದ್ದಿದ್ದಳು. ನೀವು ಗಾಜಿನ ಬಟ್ಟಲಲ್ಲಿ ತರಲಿಲ್ಲ, ಅಲ್ಯುಮಿನಿಯಂ ತಟ್ಟೆಯಲ್ಲಿ ಮುದ್ದೆ, ಒಗ್ಗರಣೆ ಹಾಕಿದ ಹುರುಳಿ ಸಾರು ತಂದಿರಿ. "ಇವತ್ತು ನಮ್ಮನೆ ಊಟಾನೇ ತಂದಿದ್ದೀನಿ ಜಯಮ್ಮೋರೆ, ಬಿಸಿ ಇದೆ, ಒಂದು ತುತ್ತು ತಿನ್ನಿ, ಶಕ್ತಿ ಬರುತ್ತೆ" ಎಂದಿರಿ. ಅಪ್ಪ ಪೇಪರ್ ಓದುತ್ತಾ ಅಲ್ಲೇ ಕೂತಿದ್ದರು. ಅಮ್ಮ ಅವರ ಮುಖ ನೋಡಿದಳು, ಆಮೇಲೆ ನನ್ನನ್ನು ಕರೆದು "ತನು, ಅದನ್ನ ಹಸುವಿಗೆ ಇಡು" ಎಂದಳು. ತಟ್ಟೆ ತೆಗೆದುಕೊಂಡು ಹೋಗಿ ಬೀದಿಯ ಹಸುವಿನ ಮುಂದೆ ಇಟ್ಟವಳು ನಾನೇ. ಹಸು ತಿಂದು ಮುಗಿಸುವವರೆಗೂ ನೀವು ನಿಂತಿದ್ದು, ತಟ್ಟೆ ತೊಳೆದುಕೊಂಡು ಹೋದಿರಿ. ಆಮೇಲೆ ನಮ್ಮ ಬೀದಿಗೆ ಬರಲಿಲ್ಲ. ಕ್ಷಮೆ ಕೇಳುವಷ್ಟು ಸಣ್ಣ ತಪ್ಪಲ್ಲ ಅದು, ಅದಕ್ಕೇ ಇಷ್ಟು ವರ್ಷ ಕೇಳಲೂ ಇಲ್ಲ.

ನಿಮ್ಮ ಕಾಗದ ಓದಿದಾಗಿನಿಂದ ಒಂದು ಯೋಚನೆ ಬಿಡುತ್ತಿಲ್ಲ. ಅಮ್ಮ ಹುಟ್ಟಿ ಬೆಳೆದದ್ದು ಹೊಳಲೂರಿನಲ್ಲಿ, ಆರು ಜೊತೆ ಎತ್ತಿನ ಮನೆಯಲ್ಲಿ. ಎತ್ತಿಗೆ ಬೇಯಿಸಿದ ಹುರುಳಿಯ ಕಟ್ಟಿನಲ್ಲೇ ಮನೆಮಂದಿಗೆಲ್ಲ ದಿನಾ ಸಾರು. ಅಂಥವಳಿಗೆ ಹುರುಳಿ ಕಟ್ಟಿನ ರುಚಿ ಗೊತ್ತಾಗದೆ ಇರುತ್ತದೆಯೇ?

ನಾನು ಮಾಡಿದರೆ ಮತ್ತೆ ಬೇರೇನೋ ಆಗುತ್ತದೆ. ನೀವೇ ಬನ್ನಿ. ಕೇಳುವ ಹಕ್ಕಿಲ್ಲ, ಆದರೂ ಬನ್ನಿ.

ನಿಮ್ಮ
ತನುಜಾ

*

ಭದ್ರಾವತಿ
4 ಆಗಸ್ಟ್ 1998

ತನುಜಮ್ಮ,

ಒಂಬತ್ತನೇ ತಾರೀಕು ಭಾನುವಾರ ಬೆಳಿಗ್ಗೆ ಬಸ್ಸಿಗೆ ಸಮತಾ ಜೊತೆ ಬರುತ್ತೇನೆ. ಈ ಸಲ ಪೋಲೆಂಡೂ ಇಲ್ಲ, ಹಂಗೇರಿಯೂ ಇಲ್ಲ. ಯಾರು ಕೇಳಿದರೂ ಹುರುಳಿ ಕಟ್ಟು, ಮಾಸ್ತಮ್ಮನ ಮನೆಯದು ಎಂದೇ ಹೇಳುತ್ತೇನೆ. ಅರವತ್ತಾರು ವರ್ಷವಾಯಿತು, ಇನ್ನು ಯಾರ ಭಯ?

ಮಾಸ್ತಮ್ಮ

*

ಶಿವಮೊಗ್ಗ
10 ಆಗಸ್ಟ್ 1998

ಮಾಸ್ತಮ್ಮ,

ನಿನ್ನೆ ನೀವು ಹೋದಾಗಿನಿಂದ ನನಗೆ ನನ್ನ ಮುಖವೇ ಬೇಡವಾಗಿದೆ.

ಅಣ್ಣ ಕೆಟ್ಟವನಲ್ಲ. ನಿಮ್ಮಿಬ್ಬರಿಗೂ ಜಗಲಿಯಲ್ಲಿ ಕುರ್ಚಿ ಹಾಕಿದ, ಬಿಸಿಲಲ್ಲಿ ಬಂದಿದ್ದೀರಿ ಎಂದು ಉಪಚಾರ ಮಾಡಿದ. "ಡಾಕ್ಟ್ರು ಒಳಗೆ ಜನ ಸೇರಿಸ್ಬೇಡಿ ಅಂದಿದ್ದಾರೆ, ಇನ್ಫೆಕ್ಷನ್ ಆಗುತ್ತೆ" ಎಂದ. ಹಾಗೆಂದು ಡಾಕ್ಟರು ಹೇಳಿರಲಿಲ್ಲ. ಹಿಂದಿನ ದಿನವಷ್ಟೇ ನಮ್ಮ ನೆಂಟರು ಆರು ಜನ ಅಮ್ಮನ ಮಂಚದ ಸುತ್ತ ಕೂತು ಕಾಫಿ ಕುಡಿದು ಹೋಗಿದ್ದರು. ಮನೆತುಂಬ ಸ್ಟೀಲ್ ಲೋಟವಿರುವಾಗ ನಿಮಗೆ ಕಾಫಿ ಕೊಡಲು ಆ ಪ್ಲಾಸ್ಟಿಕ್ ಲೋಟಗಳನ್ನು ಎಲ್ಲಿಂದ ಹುಡುಕಿದನೋ ಗೊತ್ತಿಲ್ಲ. ಅವನಿಗೆ ಅದರಲ್ಲಿ ತಪ್ಪು ಕಂಡಂತೆಯೇ ಇಲ್ಲ. ನಾನು ನೋಡುತ್ತಾ ನಿಂತೆ.

ಕ್ಯಾರಿಯರ್ ನೋಡಿ ಅವನು "ಏನಮ್ಮ ಇದು?" ಎಂದಾಗ ನೀವು ನನ್ನ ಕಡೆ ನೋಡಿದಿರಿ. ನಾನು ತಲೆ ತಗ್ಗಿಸಿದೆ. ಆಗ ನೀವು "ಪೋಲೆಂಡ್ ಸೂಪು ಸ್ವಾಮಿ" ಎಂದಿರಿ. ಸಮತಾ ಥಟ್ಟನೆ ನಿಮ್ಮ ಮುಖ ನೋಡಿದ್ದು ನನ್ನ ಕಣ್ಣಿಂದ ಹೋಗುತ್ತಿಲ್ಲ.

ನೀವು ಬಸ್ಸು ಹತ್ತಲು ಹೋದ ಮೇಲೆ ಅಮ್ಮನ ಬಾಯಿಗೆ ಒಂದು ಚಮಚ ಹಾಕಿದೆ. ನುಂಗಿದಳು. ತಾನಾಗಿಯೇ ಬಾಯಿ ತೆರೆದಳು. ಮಾಸ್ತಮ್ಮ, ಅರ್ಧ ಬಟ್ಟಲು ಕುಡಿದಳು. ಆಮೇಲೆ ತುಟಿ ಅಲ್ಲಾಡಿಸಿದಳು. ಮೂರು ತಿಂಗಳಲ್ಲಿ ಮೊದಲ ಸಲ ಮಾತು ಬಂತು. "ಹುರುಳಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು "ಮಾಸ್ತಿ" ಎಂದಳು.

ಅಣ್ಣ ಓಡಿ ಬಂದ, ಅಮ್ಮನ ದನಿ ಕೇಳಿ ಅವನ ಕಣ್ಣಲ್ಲಿ ನೀರು. ಬಟ್ಟಲು ನೋಡಿ ನನಗೆ ಮೆಲ್ಲಗೆ ಹೇಳಿದ: "ಫಾರಿನ್ ಸೂಪಿಗೆ ಹುರುಳಿ ಅಂತಾಳಲ್ಲೇ. ಪಾಪ, ಬುದ್ಧಿ ಹೊರಟುಹೋಗಿದೆ." ಅಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಆಗಲೂ ಬಾಯಿ ಬಿಡಲಿಲ್ಲ.

ತನುಜಾ

*

ಭದ್ರಾವತಿ
17 ಆಗಸ್ಟ್ 1998

ತನುಜಮ್ಮ,

ನಿಮ್ಮ ಕಾಗದವನ್ನು ಸಮತಾ ಕೈಯಲ್ಲಿ ಮೂರು ಸಲ ಓದಿಸಿದೆ. ಮೊದಲ ಸಲ ಸಂತೋಷವಾಯಿತು. ಎರಡನೇ ಸಲ ಅತ್ತೆ. ಮೂರನೇ ಸಲ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ.

ಅಂದರೆ ಅವಳಿಗೆ ಗೊತ್ತಿತ್ತು. ಐದು ವರ್ಷ ಪಾಪದವಳಿಗೆ ಮೋಸ ಮಾಡುತ್ತಿದ್ದೇನೆ ಎಂದು ನಾನು ದೇವರ ಮುಂದೆ ತಪ್ಪುಗಾಣಿಕೆ ಕಟ್ಟಿಟ್ಟೆ. ಅವಳು ಎಲ್ಲ ತಿಳಿದೇ ಬಟ್ಟಲು ನೆಕ್ಕುತ್ತಿದ್ದಳು. ಗೊತ್ತಿಲ್ಲದೆ ತಟ್ಟೆ ತಳ್ಳಿದ್ದರೆ ಅದು ಬೇರೆ ಮಾತು. ನಮ್ಮ ಮನೆಯ ರುಚಿ ಐದು ವರ್ಷ ಉಂಡವಳು ಅದನ್ನು ಹಸುವಿಗೆ ಇಡಿಸಿದಳಲ್ಲ! ಗಂಡ ಎದುರಿಗಿದ್ದ, ನಿಜ. ಅವಳ ಕಷ್ಟ ಅವಳಿಗೆ. ನಾನೂ ಮೊನ್ನೆ ನಿಮ್ಮ ಜಗಲಿಯಲ್ಲಿ ಅದನ್ನೇ ಮಾಡಿದೆ. ಸಮತಾ ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇಳಿಯುವಾಗ "ಯಾಕವ್ವ ಸುಳ್ಳು ಹೇಳ್ದೆ?" ಅಂದಳು.

ಮಾಡುವ ಬಗೆ ನಿಮಗೆ ಗೊತ್ತಿದೆ, ನೀವೇ ಮಾಡಿ ಕೊಡಿ. ಜಗಲಿಯ ಕುರ್ಚಿಗೆ ನಾನು ಇನ್ನೊಮ್ಮೆ ಬರುವುದಿಲ್ಲ.

ಮಾಸ್ತಮ್ಮ

*

ಶಿವಮೊಗ್ಗ
6 ಸೆಪ್ಟೆಂಬರ್ 1998

ಮಾಸ್ತಮ್ಮ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಈಗ ಬೇರೆ ಯಾರಿಗೂ ಹೇಳಲಾಗದೆ ಬರೆಯುತ್ತಿದ್ದೇನೆ.

ನೀವು ತಂದದ್ದು ಎರಡು ದಿನಕ್ಕೆ ಆಯಿತು. ಆಮೇಲೆ ನಾನು ಮಾಡಿದೆ. ಹತ್ತು ದಿನ ಅಷ್ಟೋ ಇಷ್ಟೋ ಕುಡಿದಳು, ಪ್ರತಿ ಸಲ ಮೊದಲ ಚಮಚದ ಮೇಲೆ ಬಾಗಿಲ ಕಡೆ ನೋಡುತ್ತಿದ್ದಳು. ಯಾರೂ ಬರುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಆಮೇಲೆ ನುಂಗುವುದೇ ಕಷ್ಟವಾಯಿತು. ನೀರು ಕೊಟ್ಟರೂ ನೆತ್ತಿಗೆ ಹತ್ತಿ ಕೆಮ್ಮು, ಜ್ವರ. ಮಂಗಳವಾರ ಪೈಪು ಹಾಕಿದರು. ಮೂಗಿನಿಂದ ಹೊಟ್ಟೆಗೆ. ಇನ್ನು ಬಾಯಿಗೆ ಒಂದು ತೊಟ್ಟೂ ಹಾಕಬಾರದು ಎಂದಿದ್ದಾರೆ. ಎರಡು ಗಂಟೆಗೊಮ್ಮೆ ಸಿರಿಂಜಿನಲ್ಲಿ ಸೋಸಿದ ಗಂಜಿ ನೀರು ಬಿಡುತ್ತೇನೆ. ಅದು ಇಳಿಯುವಾಗ ಅಮ್ಮ ಬಾಯಿ ಚಪ್ಪರಿಸುತ್ತಾಳೆ, ಏನೂ ಸಿಗುವುದಿಲ್ಲ.

ನಿನ್ನೆ ಅಣ್ಣನಿಗೆ ಎಲ್ಲ ಹೇಳಿದೆ. ಪೋಲೆಂಡ್ ಸೂಪು ಏನು, ಹಸುವಿಗೆ ಇಟ್ಟದ್ದು ಏನು, ಅಮ್ಮನ ಬುದ್ಧಿ ನೆಟ್ಟಗೇ ಇತ್ತು ಎಂಬುದು. ಜಗಳಕ್ಕೆ ಸಿದ್ಧಳಾಗಿಯೇ ಹೇಳಿದೆ. ಅವನು "ಈಗ ಅದೆಲ್ಲ ಯಾಕೆ ತನು? ಪೈಪಲ್ಲಿ ಹೋಗೋದಕ್ಕೆ ಯಾರ ಮನೇದಾದ್ರೇನು, ಚೆನ್ನಾಗಿ ಸೋಸಿ ಕಳಿಸ್ಲಿ ಬಿಡು" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಇಪ್ಪತ್ತನಾಲ್ಕು ವರ್ಷದ ಮೇಲೆ ನಮ್ಮ ಮನೆಯಲ್ಲಿ ನಿಮ್ಮ ಅಡುಗೆಗೆ ಒಪ್ಪಿಗೆ ಸಿಕ್ಕಿದೆ. ಅದು ನಾಲಿಗೆಗೆ ತಾಗುವುದಿಲ್ಲ. ನಾನೇನು ಮಾಡಲಿ, ಹೇಳಿ.

ತನುಜಾ

*

ಓಲ್ಡ್ ಟೌನ್, ಭದ್ರಾವತಿ
10 ಸೆಪ್ಟೆಂಬರ್ 1998

ತನು,

ನಾಡಿದ್ದು ಶನಿವಾರ ಬರುತ್ತಿದ್ದೇವೆ. ಸೋಸಿ ಕಳಿಸಲು ನಾನೇನು ಔಷಧಿ ಅಂಗಡಿ ಇಟ್ಟಿಲ್ಲ. ನಾನೇ ಬರುತ್ತೇನೆ.

ಅವಳು ಬಾಗಿಲ ಕಡೆ ನೋಡುತ್ತಿದ್ದಳು ಎಂದು ಬರೆದಿದ್ದೀಯ. ಆ ದಿನಗಳಲ್ಲಿ ನಾನು ಇಲ್ಲಿ ಸಿಟ್ಟನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತಿದ್ದೆ. ಅವಳಿಗೆ ನುಂಗಲು ಆಗುತ್ತಿದ್ದ ಹತ್ತು ದಿನ ಹಾಗೆ ಹೋಯಿತು. ಅದನ್ನು ಯಾರೂ ವಾಪಸು ತರಲಾರರು, ಅಳುತ್ತಾ ಕೂತರೂ ಬರುವುದಿಲ್ಲ.

ಸಮತಾಳನ್ನು ಕೇಳಿದೆ. ಪೈಪು ಮೂಗಿನ ಒಂದು ಹೊಳ್ಳೆಗೆ ಮಾತ್ರ ಹಾಕಿರುತ್ತಾರಂತೆ. ಹಾಗಾದರೆ ಇನ್ನೊಂದು ಖಾಲಿ ಇದೆಯಲ್ಲ. ನಿಮ್ಮ ಸೀಮೆಎಣ್ಣೆ ಸ್ಟವ್ ಅವಳ ಕೋಣೆಯ ಬಾಗಿಲಿಗೆ ತಂದಿಡು. ಹುರುಳಿ ಸಾರು ಮಾಡಿಕೊಂಡು ಬರುತ್ತೇನೆ, ಒಗ್ಗರಣೆ ಅಲ್ಲೇ ಕೊಡುತ್ತೇನೆ. ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ. ಐದು ವರ್ಷ ಅವಳಿಗೆ ಕೊಟ್ಟ ಸಾರಿನಲ್ಲಿ ಅದೊಂದನ್ನು ಬಚ್ಚಿಟ್ಟಿದ್ದೆ. ತಿನ್ನುವುದಕ್ಕೆ ಆಗದಿದ್ದರೆ ಬೇಡ. ಯಾರ ಮನೆಯದು ಎಂದು ಮೂಸಿಯಾದರೂ ಹೋಗಲಿ.

ಅಲ್ಯುಮಿನಿಯಂ ತಟ್ಟೆ ಇನ್ನೂ ಇದೆ. ಅದನ್ನೂ ತರುತ್ತೇನೆ. ಮುದ್ದೆ ಇಟ್ಟುಕೊಂಡು ಅವಳ ಮಂಚದ ಪಕ್ಕ ನೀನು ಕೂತು ಉಣ್ಣು, ಅವಳು ನೋಡಲಿ.

ಒಂದೇ ಭಯ. ಬಾಗಿಲಲ್ಲಿ ನಿಮ್ಮಣ್ಣ ಮತ್ತೆ "ಏನಮ್ಮ ಇದು?" ಎಂದರೆ ನನ್ನ ಬಾಯಿಂದ ಏನು ಬರುತ್ತದೋ ನನಗೇ ಗೊತ್ತಿಲ್ಲ. ಈ ಬಾಯಿಗೆ ಸುಳ್ಳು ಅಷ್ಟು ರೂಢಿಯಾಗಿದೆ. ಆಗ ನನ್ನ ಕಡೆ ನೋಡಬೇಡ, ತಲೆ ತಗ್ಗಿಸಬೇಡ. ನೀನೇ ಹೇಳು.

ಮಾಸ್ತಿ